ರಾಜನ ಪಿನ್ನು, ಗೌಡನ ಬಿಲ್ಲೆ

ಹೋದ ತಿಂಗಳು ನಾಗವೇಣಿ ಫೋನ್ ಮಾಡಿದ್ದಳು. ಹಟ್ಟಿಕೇರಿ ಕಡೆಯವಳು, ನನ್ನ ಹಳೆಯ ವಿದ್ಯಾರ್ಥಿನಿ. ಈಗ ಕಾರವಾರದ ಒಂದು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಿ ಸೇರಿದ್ದಾಳೆ. ಮೊದಲ ವಾರದಲ್ಲೇ ಯುರೋಪಿನ ಮಧ್ಯಯುಗದ ಪತ್ರಿಕೆಯನ್ನು ಅವಳ ಕೊರಳಿಗೆ ಕಟ್ಟಿದ್ದಾರೆ. ತಮಗೆ ಬೇಡವಾದ ಪಾಠವನ್ನು ಹೊಸಬರಿಗೆ ದಾಟಿಸುವುದು ನಮ್ಮ ವೃತ್ತಿಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ; ನನಗೂ ಅದು ಹಾಗೆಯೇ ಬಂದಿತ್ತು. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದಳು. ಪಿನ್ನಿನಿಂದ ಶುರು ಮಾಡು ಎಂದೆ. ಆಚೆಯಿಂದ ನಗು ಕೇಳಿಸಿತು. ಆಮೇಲೆ, “ಆ ಕಾಗದ ನಿಮ್ಮ ಹತ್ರ ಇನ್ನೂ ಅದೆಯಾ ಸರ್?” ಎಂದಳು.

ಹುಡುಕಿ ನೋಡುತ್ತೇನೆ ಎಂದೆ. ಹುಡುಕುವ ಅಗತ್ಯವೇನೂ ಇರಲಿಲ್ಲ. ಅದು ಯಾವ ಕಪಾಟಿನ ಯಾವ ಕಡತದಲ್ಲಿದೆ ಎಂದು ನನಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು. ಆ ಕಾಗದದ ಕತೆ ಹೇಳಬೇಕೆಂದರೆ ಪಿನ್ನಿನ ಕತೆಯನ್ನೂ ಹೇಳಬೇಕು. ಹೊಸದಾಗಿ ಪಾಠ ಹೇಳಲು ಹೊರಟವರಿಗೆ ಇದರಿಂದ ಏನಾದರೂ ಉಪಯೋಗವಾದರೆ ಆಗಲಿ, ಇಲ್ಲದಿದ್ದರೆ ಒಬ್ಬ ಮಾಸ್ತರನ ಫಜೀತಿ ಓದಿ ನಕ್ಕುಬಿಡಿ.

ನಾನು ಅಂಕೋಲೆಯ ಒಂದು ಪದವಿ ಕಾಲೇಜಿನಲ್ಲಿ ಮೂವತ್ತು ವರ್ಷದ ಮೇಲೆ ಇತಿಹಾಸ ಕಲಿಸಿದವನು. ಮನೆ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಯ ಗಾಳಿ ಕಿಟಕಿಗೆ ಬಡಿಯುವಷ್ಟು ಹತ್ತಿರ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಬಸ್ಸಿನಿಂದ ಇಳಿಯುವುದು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಪಿಂಚಣಿ ಕಚೇರಿಯವರಿಗೆ ಬೇಕಾದ ವಿಷಯ, ಅವರೂ ಅದನ್ನು ಎರಡು ಸಲ ತಪ್ಪಾಗಿ ಬರೆದುಕೊಂಡಿದ್ದಾರೆ.

ಪಾಠ ಇಷ್ಟೇ. ಪಶ್ಚಿಮದ ರೋಮ್ ಸಾಮ್ರಾಜ್ಯ ಕುಸಿದು ಬೀಳುತ್ತಿದ್ದ ಕಾಲದಲ್ಲಿ ಫ್ರಾಂಕ್ ಎಂಬ ಜನರ ಒಬ್ಬ ರಾಜ ಸತ್ತ. ಹೂತರು. ಸಾವಿರ ವರ್ಷ ದಾಟಿದ ಮೇಲೆ ಯಾರೋ ಒಬ್ಬ ಮೇಸ್ತ್ರಿ ಕಟ್ಟಡದ ಕೆಲಸಕ್ಕೆ ನೆಲ ಅಗೆಯುವಾಗ ಚಿನ್ನ ಸಿಕ್ಕಿತು. ಗೋರಿಯಲ್ಲಿ ರಾಜನ ಕತ್ತಿ ಇತ್ತು, ಕುದುರೆಯ ತಲೆ ಇತ್ತು, ಚಿನ್ನದ ಜೇನುನೊಣಗಳು ರಾಶಿ ರಾಶಿ ಇದ್ದವು. ಇವೆಲ್ಲ ಅವರ ಕುಲದ ರೀತಿ ಎನ್ನೋಣ. ಆದರೆ ಅಲ್ಲೊಂದು ಮುದ್ರೆಯ ಉಂಗುರ. ಅದರಲ್ಲಿ ರಾಜನ ಉದ್ದ ಕೂದಲು ಅವನದೇ, ಮೈಮೇಲಿನ ಉಡುಪು ಮಾತ್ರ ರೋಮನ್ ಸೇನಾಪತಿಯದು. ಜೊತೆಗೆ ರೋಮಿನ ಅಧಿಕಾರಿಗಳು ಮೇಲುವಸ್ತ್ರ ಜಾರದಂತೆ ಹೆಗಲಿಗೆ ಸಿಕ್ಕಿಸುತ್ತಿದ್ದ ಚಿನ್ನದ ಪಿನ್ನು. ಆ ಸರ್ಕಾರವೇ ಮುಳುಗುತ್ತಿತ್ತು, ಈ ರಾಜ ಅದರ ಗುರುತು ಹೊತ್ತುಕೊಂಡು ಮಣ್ಣಿಗೆ ಹೋಗಿದ್ದ. ಯಾಕೆ? ಪರೀಕ್ಷೆಯಲ್ಲಿ ಇದು ಹತ್ತು ಅಂಕದ ಪ್ರಶ್ನೆ.

ಉತ್ತರವನ್ನು ನಾನು ವರ್ಷಗಟ್ಟಲೆ ಒಂದೇ ರೀತಿ ಬರೆಸಿದೆ. ‘ರಾಜನು ರೋಮಿನ ಸೇವೆಯಲ್ಲಿದ್ದನು. ಆ ಹೆಮ್ಮೆಯಿಂದ ಅಧಿಕಾರದ ಲಾಂಛನಗಳನ್ನು ಧರಿಸಿಕೊಂಡೇ ಸಮಾಧಿಯಾದನು.’ ಮಕ್ಕಳು ಬರೆದುಕೊಂಡರು, ಅಂಕ ತೆಗೆದುಕೊಂಡರು, ಮರೆತರು. ನಾನು ಮರೆಯುವಂತಿರಲಿಲ್ಲ, ಮರುವರ್ಷ ಮತ್ತೆ ಬರೆಸಬೇಕಿತ್ತಲ್ಲ.

ಮೊದಲ ವರ್ಷ ಆ ಪಿನ್ನಿನ ಚಿತ್ರವನ್ನು ಹಲಗೆಯ ಮೇಲೆ ಬರೆಯಲು ಹೋದೆ. ಬಿಲ್ಲಿನಂತೆ ಬಾಗಿದ ಬೆನ್ನು, ತಲೆಯಲ್ಲಿ ಮೂರು ಗುಂಡು. ನನ್ನ ಕೈಯಲ್ಲಿ ಅದು ಸೀರೆಗೆ ಚುಚ್ಚುವ ಸೇಫ್ಟಿ ಪಿನ್ನಿನಂತೆ ಮೂಡಿತು. ಸುಂಕಸಾಳದಿಂದ ಬರುತ್ತಿದ್ದ ಒಬ್ಬಳು, ತಮ್ಮ ಅಮ್ಮನ ಬಳೆಯಲ್ಲಿ ಇಂಥವು ನಾಲ್ಕು ನೇತಾಡುತ್ತಿರುತ್ತವೆ, ಅವಳೂ ರಾಣಿಯೇ ಇರಬೇಕು ಎಂದಳು. ಅಂದು ಸಂಜೆಯೊಳಗೆ ನನಗೆ ‘ಪಿನ್ನಿನ ಸರ್’ ಎಂಬ ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು.

ನಿಜ ಹೇಳಬೇಕೆಂದರೆ ಆ ಪಿನ್ನನ್ನು ಈಗ ಯಾರೂ ನೋಡುವಂತಿಲ್ಲ. ಗೋರಿಯ ಚಿನ್ನವನ್ನು ಮುಂದೆ ಒಂದು ದೊಡ್ಡ ಗ್ರಂಥಾಲಯದಲ್ಲಿ ಇಟ್ಟಿದ್ದರು. ಕಳ್ಳರು ನುಗ್ಗಿ, ಹೆಚ್ಚಿನದನ್ನು ಕರಗಿಸಿಬಿಟ್ಟರು. ಉಳಿದದ್ದು ಚಿತ್ರ. ಗೋರಿ ಸಿಕ್ಕಿದ ಕಾಲದಲ್ಲೇ ಒಬ್ಬ ವೈದ್ಯ ಒಂದೊಂದನ್ನೂ ಬಿಡದೆ ಚಿತ್ರ ಬರೆಸಿ ಪುಸ್ತಕ ಮಾಡಿದ್ದ. ತಮಾಷೆ ಎಂದರೆ, ಆ ಪುಣ್ಯಾತ್ಮ ಪಿನ್ನನ್ನು ಪಿನ್ನೆಂದು ತಿಳಿದಿರಲಿಲ್ಲ. ಬರೆಯುವ ಕಡ್ಡಿ ಇಡುವ ಸಾಧನ ಎಂದುಕೊಂಡಿದ್ದ. ಚಿತ್ರ ಸರಿ, ಹೆಸರು ತಪ್ಪು. ತರಗತಿಯಲ್ಲಿ ಇದನ್ನು ಹೇಳಿ ನಾನು ಪ್ರತಿ ವರ್ಷ ನಗುತ್ತಿದ್ದೆ. ಓದಿದವರೂ ಎಂಥೆಂಥ ತಪ್ಪು ಮಾಡುತ್ತಾರೆ ನೋಡಿ ಎನ್ನುತ್ತಿದ್ದೆ.

ಪಾಠ ಕೆಡಿಸುವ ವಿದ್ಯಾರ್ಥಿಗಳೇ ನಮಗೆ ಪಾಠ ಕಲಿಸುವವರು ಎಂದು ನನಗೆ ತೋರಿಸಿಕೊಟ್ಟವನು ದಾಮೋದರ. ಮೀನುಗಾರರ ಮನೆಯ ಹುಡುಗ, ಮೂರನೇ ಬೆಂಚು. ಇಂಗ್ಲೆಂಡಿನ ಕರಾವಳಿಯಲ್ಲಿ ಒಬ್ಬ ರಾಜನನ್ನು ಇಡೀ ಹಡಗಿನ ಸಮೇತ ಹೂತದ್ದನ್ನು ಹೇಳುತ್ತಿದ್ದೆ. ಅಲ್ಲಿಯೂ ರೋಮಿನ ನೆರಳು ಇದೆ; ಶಿರಸ್ತ್ರಾಣ, ಹೆಗಲ ಕೊಂಡಿ, ರಾಜದಂಡದಂಥ ಕಲ್ಲು. ದಾಮೋದರ ಎದ್ದು ನಿಂತು, ಅಷ್ಟು ಒಳ್ಳೆಯ ದೋಣಿಯನ್ನು ಹೂತರೆ ಮನೆಯವರು ಮರುದಿನ ಯಾವುದರಲ್ಲಿ ಹೋಗುತ್ತಿದ್ದರು ಎಂದು ಕೇಳಿದ. ಮರವೆಲ್ಲ ಕರಗಿ, ಮರಳಿನಲ್ಲಿ ಕಬ್ಬಿಣದ ಮೊಳೆಗಳ ಸಾಲು ಮಾತ್ರ ಉಳಿದಿತ್ತು, ಅದರಿಂದಲೇ ಹಡಗಿನ ಆಕಾರ ತಿಳಿಯಿತು ಎಂದು ಮಾತು ಹೊರಳಿಸಿದೆ. ಅದಕ್ಕೂ ಅವನ ಹತ್ತಿರ ಮಾತಿತ್ತು. ಅವನ ಅಜ್ಜನ ಕಾಲದಲ್ಲಿ ಹಲಗೆಗಳನ್ನು ತೆಂಗಿನ ಹಗ್ಗದಿಂದ ಹೊಲಿದು ದೋಣಿ ಮಾಡುತ್ತಿದ್ದರಂತೆ, ಒಂದೂ ಮೊಳೆಯಿಲ್ಲದೆ. “ನಮ್ಮ ದೋಣಿ ಹೂತ್ರೆ ನಿಮ್ಗೆ ಎಂತದೂ ಸಿಗೂದಿಲ್ಲ ಸರ್. ಹಾಂಗಂತ ನಾವು ಇರ್ಲೇ ಇಲ್ಲ ಅಂತ ಬರೀಬೇಡಿ” ಎಂದ.

ಅಂದಿನಿಂದ ಆ ಪಾಠಕ್ಕೆ ಅವನ ಮಾತನ್ನೂ ಸೇರಿಸಿಕೊಂಡೆ. ಅವನ ಹೆಸರು ಹೇಳಿಯೇ ಹೇಳುತ್ತಿದ್ದೆ. ಈಗ ಅವನದು ಎರಡು ಯಾಂತ್ರಿಕ ದೋಣಿ. ಎದುರಿಗೆ ಸಿಕ್ಕಾಗಲೆಲ್ಲ, ಹೂಳುವ ವಿಚಾರ ಇನ್ನೂ ಮಾಡಿಲ್ಲ ಸರ್ ಎನ್ನುತ್ತಾನೆ.

ಪ್ರಿನ್ಸಿಪಾಲರ ಬಗ್ಗೆ ಬರೆಯದಿದ್ದರೆ ಈ ಕಥನ ಪೂರ್ತಿಯಾಗದು. ನಾನು ಕಂಡ ಐದಾರು ಮಂದಿಯಲ್ಲಿ ಮರೆಯಲಾಗದವರು ರಸಾಯನಶಾಸ್ತ್ರದಿಂದ ಬಂದವರು. ಅಳೆಯಲಾಗದ ಯಾವುದರಲ್ಲೂ ಅವರಿಗೆ ನಂಬಿಕೆಯಿರಲಿಲ್ಲ. ಹೊಸದಾಗಿ ಬಂದ ಪ್ರೊಜೆಕ್ಟರಿನಲ್ಲಿ ನಾನು ರಾಜನ ಮುದ್ರೆಯುಂಗುರ ತೋರಿಸುವಾಗ ಬಾಗಿಲಲ್ಲಿ ನಿಂತು ನೋಡಿದರು. ಅಕ್ಷರಗಳು ತಿರುಗುಮುರುಗಾಗಿವೆ, ಚಿತ್ರವನ್ನು ಸರಿಯಾಗಿ ಹಾಕಿ ಎಂದು ಎಲ್ಲರ ಎದುರಿಗೆ ಹೇಳಿದರು. ನಾನು ಮರುಮಾತಿಲ್ಲದೆ ಎದ್ದು ತಿರುಗಿಸಿ ಹಾಕಿದೆ. ಅವರು ಹೋದ ಮೇಲೆ ನೆನಪಾಯಿತು, ಅರಗಿನ ಮೇಲೆ ಒತ್ತುವ ಮುದ್ರೆಯಲ್ಲಿ ಅಕ್ಷರ ತಿರುಗುಮುರುಗಾಗಿಯೇ ಇರಬೇಕು. ಮತ್ತೆ ಮೊದಲಿನಂತೆ ಹಾಕಿದೆ. ಆ ವರ್ಷ ಅರ್ಧ ತರಗತಿ ಒಂದು ರೀತಿ ಬರೆಯಿತು, ಇನ್ನರ್ಧ ಇನ್ನೊಂದು ರೀತಿ. ಸೀಮೆಸುಣ್ಣ ಹೋಗಿ ಪ್ರೊಜೆಕ್ಟರ್ ಬಂತು, ಅದು ಹೋಗಿ ಗೋಡೆಯಷ್ಟು ಅಗಲದ ಪರದೆ ಬಂತು. ಕರೆಂಟು ಹೋದ ದಿನ ಮಾತ್ರ ಎಲ್ಲರೂ ನನ್ನ ಕಿಸೆಯ ಕಡೆಗೇ ನೋಡುತ್ತಿದ್ದರು, ಏಕೆಂದರೆ ಒಂದು ತುಂಡು ಸೀಮೆಸುಣ್ಣ ಅಲ್ಲಿ ಯಾವಾಗಲೂ ಇರುತ್ತಿತ್ತು.

ಆ ಸೀಮೆಸುಣ್ಣವೇ ನನಗೆ ಮುಳುವಾಯಿತು.

ಕಾಲೇಜಿನ ಗುಣಮಟ್ಟ ನೋಡಲು ಹೊರಗಿನಿಂದ ಒಂದು ತಂಡ ಬರುವುದಿತ್ತು. ಪ್ರಿನ್ಸಿಪಾಲರು ಪ್ರತಿ ವಿಭಾಗಕ್ಕೂ ಒಂದು ಕೆಲಸ ಹಚ್ಚಿದರು. ಇತಿಹಾಸ ವಿಭಾಗಕ್ಕೆ ವಸ್ತುಸಂಗ್ರಹದ ಒಂದು ಮೂಲೆ. ಗಾಜಿನ ಪೆಟ್ಟಿಗೆ ಅವರೇ ತರಿಸಿದರು. ಒಳಗೆ ಇಡುವುದನ್ನು ನಾನು ತರಬೇಕು. ಒಂದು ಒಡೆದ ಗಡಿಗೆ, ನಾಲ್ಕು ಹಳೆಯ ನಾಣ್ಯ, ಒಂದು ಸೇರು, ಅಷ್ಟಕ್ಕೆ ನನ್ನ ಸಂಗ್ರಹ ಮುಗಿಯಿತು. ಅದೇ ವಾರ ತರಗತಿಯಲ್ಲಿ ರಾಜನ ಪಿನ್ನಿನ ಪಾಠ. ಅಂತಿಮ ವರ್ಷದ ನಾಗವೇಣಿ ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು, ಇಂಥದ್ದು ತಮ್ಮ ಮನೆಯಲ್ಲೂ ಒಂದು ಇದೆ ಎಂದಳು. ಚಿನ್ನವಲ್ಲ, ಹಿತ್ತಾಳೆಯ ಬಿಲ್ಲೆ. ಅವಳ ಅಜ್ಜ ಹಮ್ಮು ಗೌಡರು ತಮ್ಮ ಕೊಪ್ಪದ, ಅಂದರೆ ಆ ಒಕ್ಕಲು ಮನೆಗಳ ಗುಂಪಿನ, ಗೌಡರು. ನ್ಯಾಯ ತೀರಿಸಲು ಕೂಟ ಸೇರಿದ ದಿನ, ಮದುವೆಯ ದಿನ ಹೆಗಲಿನ ಕಂಬಳಿಗೆ ಆ ಬಿಲ್ಲೆ ಸಿಕ್ಕಿಸಿಕೊಂಡು ಕೂರುತ್ತಾರೆ. ಹಿಂದೆ ಯಾವುದೋ ಕಾಲದಲ್ಲಿ ಬಿಳಿಯರ ಸರ್ಕಾರ ಕೊಟ್ಟದ್ದಂತೆ.

ನನಗೆ ಆ ರಾತ್ರಿಯ ಊಟವೂ ರುಚಿಸಲಿಲ್ಲ ಎಂದರೆ ಸುಳ್ಳಾದೀತು, ಬಂಗಡೆ ಸಾರಿತ್ತು, ಚೆನ್ನಾಗಿಯೇ ಉಂಡೆ. ಆದರೆ ಭಾನುವಾರ ಬರುವುದನ್ನೇ ಕಾದೆ. ಮುಳುಗಿದ ಸರ್ಕಾರದ ಗುರುತು, ಇನ್ನೂ ಜೀವಂತ ಇರುವ ಹೆಗಲ ಮೇಲೆ. ಮೂವತ್ತು ವರ್ಷ ಪುಸ್ತಕದಲ್ಲಿ ನೋಡಿದ್ದು ನಾನು ದಿನಾ ಎರಡು ಸಲ ಬಸ್ಸಿನಲ್ಲಿ ದಾಟುವ ಊರಿನಲ್ಲಿತ್ತು.

ಹಮ್ಮು ಗೌಡರು ಅಂಗಳದಲ್ಲಿ ಚಾಪೆ ಹಾಸಿ ಕೂರಿಸಿದರು. ಬೆಲ್ಲ, ನೀರು ಬಂತು. ಎತ್ತರದ ಆಳು, ಮಾತು ಕಡಿಮೆ. ಅಕ್ಕಪಕ್ಕದ ಮನೆಯವರೂ ಬಂದು ನಿಂತರು, ಮೊಮ್ಮಗಳ ಮಾಸ್ತರು ಬಂದಿದ್ದಾರಲ್ಲ. ಅವರ ಚಿಕ್ಕಪ್ಪನ ಮಗ ಗಣಪು ಗೌಡನೂ ಇದ್ದ. ಹಮ್ಮು ಗೌಡರಿಗೆ ಗಂಡು ಮಕ್ಕಳಿಲ್ಲ. ಮುಂದಿನ ಗೌಡಿಕೆ ಇವನಿಗೇ ಎಂದು ಎಲ್ಲರಿಗೂ ಗೊತ್ತಿತ್ತು, ಅವನಿಗೆ ಸ್ವಲ್ಪ ಹೆಚ್ಚೇ ಗೊತ್ತಿತ್ತು. ಬಿಲ್ಲೆಯನ್ನು ಕಾಲೇಜಿಗೆ ಕೊಡಿ, ಗಾಜಿನೊಳಗೆ ಭದ್ರವಾಗಿರುತ್ತದೆ ಎಂದು ಕೇಳಿದೆ. ಗೌಡರು ನಕ್ಕರು.

“ಭದ್ರ ಯಂತಕ್ಕೆ ಮಾಸ್ತರೇ? ಇದು ಹೆಗಲ ಮೇಲೆ ಇದ್ರೆ ಕೂಟದಲ್ಲಿ ಯಾರೂ ದನಿ ಏರ್ಸೂದಿಲ್ಲ. ಗಾಜಿನ ಒಳ್ಗೆ ಇಟ್ರೆ ಯಾರು ಕೇಳ್ತಾರೆ?”

ಅದು ಸರಿಯಾದ ಮಾತು. ಹಾಗಾದರೆ ಅಚ್ಚಾದರೂ ತೆಗೆದುಕೊಳ್ಳುತ್ತೇನೆ ಎಂದೆ. ಹಾಜರಿ ಹಾಳೆಯನ್ನು ಬಿಲ್ಲೆಯ ಮೇಲಿಟ್ಟು ಅದರ ಹಿಂಬದಿಗೆ ಪೆನ್ಸಿಲ್ ತಿಕ್ಕಿದೆ. ಅಂಗೈ ಅಗಲದ ಅಂಡಾಕಾರ, ಅಂಚಿನಲ್ಲಿ ಸವೆದ ಬಳ್ಳಿ, ನಡುವೆ ಏನೋ ಅಕ್ಷರ. ಅಲ್ಲಿಗೆ ಎದ್ದು ಬಂದಿದ್ದರೆ ನಾನು ಬುದ್ಧಿವಂತ ಎನಿಸಿಕೊಳ್ಳುತ್ತಿದ್ದೆ. ಶಾಸನಗಳ ಬಗ್ಗೆ ಆಯುಷ್ಯವಿಡೀ ಪಾಠ ಮಾಡಿದವನು, ಒಂದನ್ನೂ ಸ್ವಂತ ಕಣ್ಣಿನಿಂದ ಓದಿದವನಲ್ಲ. ಆಸೆ ತಡೆಯಲಿಲ್ಲ. ಕಿಸೆಯಿಂದ ಸೀಮೆಸುಣ್ಣ ತೆಗೆದು, ಪುಡಿ ಮಾಡಿ, ಬಿಲ್ಲೆಯ ಮೇಲೆ ಉಜ್ಜಿ ಊದಿದೆ. ಸವೆದ ಇಂಗ್ಲಿಷ್ ಅಕ್ಷರಗಳಲ್ಲಿ ಪುಡಿ ಕೂತು ಬೆಳ್ಳಗೆ ಎದ್ದು ಕಂಡವು. ನಾನು ತರಗತಿಯಲ್ಲಿ ಓದುವ ದನಿಯಲ್ಲಿ, ಅಷ್ಟೂ ಜನರ ಎದುರಿಗೆ ಓದಿದೆ.

“ಗೌಡ್ರೇ, ಇದು ಗೌಡಿಕೆಯ ಬಿಲ್ಲೆ ಅಲ್ಲ. ಕಸ್ಟಮ್ಸ್ ಕಚೇರಿಯ ಪ್ಯೂನನದು. ಪಟ್ಟೇವಾಲನ ಬಿಲ್ಲೆ. ನಂಬರೂ ಇದೆ ನೋಡಿ, ಹದಿನೇಳು.”

ನನಗೆ ಆಗ ಎಷ್ಟು ಸಂತೋಷವಾಗಿತ್ತು ಎಂದರೆ ಸುತ್ತ ನಿಂತವರ ಮುಖ ನೋಡಲೇ ಇಲ್ಲ. ಹಮ್ಮು ಗೌಡರು ಕೈ ಚಾಚಿದರು. ಬಿಲ್ಲೆ ತೆಗೆದುಕೊಂಡು ಕಂಬಳಿಯ ಅಂಚಿನಿಂದ ಸುಣ್ಣ ಒರೆಸಿದರು, ಎರಡು ಸಲ. “ಹೌದಾ” ಎಂದರು. ಹಿಂದೆ ನಿಂತಿದ್ದ ಗಣಪು ಗೌಡ ಕಿಸಕ್ಕನೆ ನಕ್ಕ. ನಾಗವೇಣಿ ನೆಲ ನೋಡುತ್ತಿದ್ದಳು. ಬಸ್ಸಿನ ತನಕ ಕಳಿಸಲು ಬಂದಳು, ಬಸ್ಸು ಹೊರಡುವ ಮೊದಲೇ ತಿರುಗಿ ನಡೆದಳು.

ಕಾಗದವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟೆ. ಕೆಳಗೆ ಬೆರಳಚ್ಚು ಮಾಡಿಸಿದ ಚೀಟಿ: ‘ಕಸ್ಟಮ್ಸ್ ಪ್ಯೂನ್ ಬಿಲ್ಲೆಯ ಅಚ್ಚು. ಹಿತ್ತಾಳೆ. ಹಟ್ಟಿಕೇರಿ ಭಾಗ.’ ಬಂದ ತಂಡದವರು ಬಗ್ಗಿ ನೋಡಿ, ಸ್ಥಳೀಯ ಇತಿಹಾಸದಲ್ಲಿ ಒಳ್ಳೆಯ ಕೆಲಸ ಎಂದರು. ಪ್ರಿನ್ಸಿಪಾಲರು ಮೊದಲ ಬಾರಿಗೆ ನನ್ನ ಬೆನ್ನು ತಟ್ಟಿದರು.

ನಾಗವೇಣಿ ಹತ್ತು ದಿನ ತರಗತಿಗೆ ಬರಲಿಲ್ಲ. ಬಂದ ಮೇಲೆ ಕೊನೆಯ ಬೆಂಚಿನಲ್ಲಿ ಕೂತಳು. ಅವಳ ಗೆಳತಿಯಿಂದ ವಿಷಯ ತಿಳಿಯಿತು. ಒಂದು ಗದ್ದೆಯ ಬದುವಿನ ಜಗಳಕ್ಕೆ ಕೂಟ ಸೇರಿದಾಗ, ಪಟ್ಟೇವಾಲ ಹೇಳಿದ್ದನ್ನು ನಾವೇಕೆ ಕೇಳಬೇಕು ಎಂದು ಗಣಪು ಗೌಡ ಕೇಳಿದನಂತೆ. ಒಂದಿಬ್ಬರು ನಕ್ಕರಂತೆ. ಹಮ್ಮು ಗೌಡರು ಹೆಗಲಿನಿಂದ ಬಿಲ್ಲೆ ಬಿಚ್ಚಿ ಪಂಚೆಯ ಮಡಿಕೆಗೆ ಸೇರಿಸಿಕೊಂಡು ಎದ್ದುಹೋದವರು ಮತ್ತೆ ಕೂಟಕ್ಕೆ ಬರಲೇ ಇಲ್ಲವಂತೆ.

ಇದನ್ನು ಕೇಳಿದ ಮೇಲೆ ನಾನು ಬಸ್ಸಿನಲ್ಲಿ ಕೂರುವ ಬದಿ ಬದಲಿಸಿದೆ. ಹಟ್ಟಿಕೇರಿ ಬಂದಾಗ ಸಮುದ್ರದ ಕಡೆಯ ಕಿಟಕಿಯಲ್ಲಿ ಇರುತ್ತಿದ್ದೆ. ನನ್ನ ಹೆಂಡತಿಗೆ ಎಲ್ಲ ಹೇಳಿದ್ದೆ. ಅವಳು ಹೋಗಿ ಕ್ಷಮೆ ಕೇಳಿ ಬನ್ನಿ ಎಂದು ವಾರಕ್ಕೊಮ್ಮೆ ಹೇಳಿದಳು. ಪರೀಕ್ಷೆ ಇದೆ, ಉತ್ತರಪತ್ರಿಕೆ ಇದೆ, ಮಳೆ ಇದೆ ಎಂದು ನಾನು ವಾರಕ್ಕೊಂದು ನೆಪ ಕೊಟ್ಟೆ. ಓದಿದ್ದರಲ್ಲಿ ಸುಳ್ಳೇನಿತ್ತು ಎಂದೂ ಒಳಗೊಳಗೇ ವಾದಿಸುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಆ ಸುದ್ದಿ ಕಾಲೇಜಿನಲ್ಲಿ ಹಬ್ಬದಿದ್ದರೆ ಸಾಕು ಎಂಬುದೇ ನನ್ನ ದೊಡ್ಡ ಚಿಂತೆಯಾಗಿತ್ತು.

ದೀಪಾವಳಿ ಕಳೆದು ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ನಾಗವೇಣಿಯ ಫೋನ್ ಬಂತು. “ಅಜ್ಜ ಹೋದ ಸರ್. ನಿಮ್ಗೆ ಬರೂದಾದ್ರೆ ಬನ್ನಿ” ಎಂದಳು. ಕಾಲೇಜಿಗೆ ರಜೆ ಹೇಳಿ ಹಟ್ಟಿಕೇರಿಯಲ್ಲಿ ಇಳಿದೆ.

ಅಂಗಳದ ತುಂಬ ಜನ. ಹಮ್ಮು ಗೌಡರನ್ನು ಅದೇ ಚಾಪೆಯ ಮೇಲೆ ಮಲಗಿಸಿದ್ದರು, ಹೆಗಲ ತನಕ ಕಂಬಳಿ. ಹೊತ್ತೇರಿದ್ದರೂ ಹೆಣ ಎತ್ತಿರಲಿಲ್ಲ. ಕಾರಣವನ್ನು ನಾಗವೇಣಿ ಮೆಲ್ಲಗೆ ಹೇಳಿದಳು. ಅವರ ಕೊಪ್ಪದಲ್ಲಿ ಹೂಳುವ ಪದ್ಧತಿ. ಗೌಡ ತೀರಿಕೊಂಡರೆ, ಮುಂದೆ ಗೌಡನಾಗುವವನು ಅವನ ಕಂಬಳಿಗೆ ಎಲ್ಲರೆದುರು ಬಿಲ್ಲೆ ಸಿಕ್ಕಿಸಬೇಕು. ಗುಂಡಿಯ ಹತ್ತಿರ ಅದನ್ನು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಳ್ಳಬೇಕು. ಬಿಲ್ಲೆ ಹಾಗೆಯೇ ಗೌಡನಿಂದ ಗೌಡನಿಗೆ ಬಂದಿತ್ತು. ಈಗ ಗಣಪು ಗೌಡ ಅದನ್ನು ಮುಟ್ಟಲು ಒಲ್ಲೆ ಎನ್ನುತ್ತಿದ್ದ. ಪಟ್ಟೇವಾಲನದು ಎಂದು ತಾನೇ ನಕ್ಕಿದ್ದ. ಈಗ ತಾನೇ ಹೆಗಲಿಗೆ ಹಾಕಿಕೊಂಡರೆ ಊರು ತನ್ನನ್ನು ನೋಡಿ ನಗುತ್ತದೆ. ನಾಗವೇಣಿಯ ಅಜ್ಜಿ ಬುದಿಯಮ್ಮ ಮಾತ್ರ, ಬಿಲ್ಲೆಯಿಲ್ಲದೆ ತನ್ನ ಗಂಡನನ್ನು ಅಂಗಳ ದಾಟಿಸಲು ಬಿಡುವುದಿಲ್ಲ ಎಂದು ಕೂತಿದ್ದರು. ಬಿಲ್ಲೆ ಅವರ ಮಡಿಲಲ್ಲಿತ್ತು, ಹುಣಸೆಹಣ್ಣು ಹಚ್ಚಿ ತೊಳೆದು ಫಳಫಳ ಮಾಡಿದ್ದರು.

ನನ್ನನ್ನು ಕಂಡು ಗಣಪು ಗೌಡ ದನಿ ಎತ್ತರಿಸಿದ. ಓದಿದ ಮಾಸ್ತರೇ ಬಂದಿದ್ದಾರೆ, ಅವರನ್ನೇ ಕೇಳಿ ಎಂದ. ಹಮ್ಮು ಗೌಡನೇ ತೊಡುವುದು ಬಿಟ್ಟಿದ್ದ ಬಿಲ್ಲೆಯನ್ನು ಸತ್ತ ಮೇಲೆ ಯಾಕೆ ಹಚ್ಚಬೇಕು ಎಂದೂ ಕೇಳಿದ. ಬುದಿಯಮ್ಮ ತಲೆ ಎತ್ತಿದರು.

“ಸತ್ತವ ತಾನೇ ಎದ್ದು ಸಿಕ್ಸ್ಕಂತಾನ ಗಣಪು? ಸಿಕ್ಸೂದು ಇದ್ದವ್ರು. ನೋಡೂದೂ ಇದ್ದವ್ರು.”

‘ಹೆಮ್ಮೆಯಿಂದ ಧರಿಸಿಕೊಂಡೇ ಸಮಾಧಿಯಾದನು’ ಎಂದು ಎಷ್ಟು ಮಕ್ಕಳಿಗೆ ಬರೆಸಿದ್ದೆ! ಸತ್ತ ರಾಜ ಪಿನ್ನು ಸಿಕ್ಕಿಸಿಕೊಳ್ಳುವುದು ಹೇಗೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಗೋರಿಯ ಸುತ್ತ ಜನ ನಿಂತಿದ್ದರು, ಅವರಲ್ಲಿ ಒಬ್ಬ ಬಗ್ಗಿ ಆ ಕೆಲಸ ಮಾಡಿದ್ದ, ಉಳಿದವರು ಅವನನ್ನು ನೋಡಿದ್ದರು. ಅವರು ಯಾರೂ ನನ್ನ ನೋಟ್ಸಿನಲ್ಲಿ ಇರಲಿಲ್ಲ.

ಎಲ್ಲರೂ ನನ್ನ ಕಡೆಗೆ ತಿರುಗಿದ್ದರು. ನಾನು ಚಪ್ಪಲಿ ಬಿಟ್ಟು ಚಾಪೆಯ ಹತ್ತಿರ ಹೋದೆ.

“ನಾನು ಅವತ್ತು ಓದಿದ್ದು ಅಕ್ಷರ” ಎಂದೆ. “ಯಾರಿಗೆ ಮಾಡಿಸಿದ್ದು ಅಂತ ಅದು ಹೇಳ್ತದೆ. ಇಷ್ಟು ವರ್ಷ ಯಾರು ತೊಟ್ರು ಅಂತ ಅದರಲ್ಲಿ ಬರೆದಿಲ್ಲ. ತೊಟ್ಟವರು ಗೌಡ್ರು, ಹಾಗಾಗಿ ಇದು ಗೌಡರ ಬಿಲ್ಲೆ. ನಾಲ್ಕು ಜನರ ಮುಂದೆ ತಪ್ಪು ಹೇಳಿದ್ದೆ, ಅವರ ಮುಂದೆಯೇ ಒಪ್ಪಿಕೊಳ್ತೇನೆ. ಅವರು ಇದ್ದಾಗ ಬಂದು ಹೇಳ್ಬೇಕಿತ್ತು.”

ಮಾಸ್ತರಿಕೆ ಬಿಡುತ್ತದೆಯೇ? ಸುಮ್ಮನಿರಲಾರದೆ ರಾಜನ ಕತೆ ಹೇಳಿದೆ. ದೂರದ ದೇಶದಲ್ಲಿ ಒಬ್ಬ ರಾಜನಿದ್ದ, ಅವನ ಹೆಗಲ ಮೇಲಿನ ಪಿನ್ನೂ ಬೇರೆ ಸರ್ಕಾರದ್ದು, ಆ ಸರ್ಕಾರದ ಎಷ್ಟೋ ನೌಕರರು ಅಂಥದ್ದನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಸರ್ಕಾರ ಮುಳುಗಿತು. ಆದರೂ ರಾಜ ಸತ್ತಾಗ ಅದನ್ನು ಗೋರಿಯಲ್ಲಿ ಅವನ ಜೊತೆಗೇ ಇಟ್ಟರು, ಯಾರೂ ಅವನನ್ನು ನೌಕರ ಎನ್ನಲಿಲ್ಲ ಎಂದೆ. ಗಣಪು ಗೌಡ ಕಿವಿಗೊಟ್ಟು ಕೇಳುತ್ತಿದ್ದ.

“ಹೂತವ ಯಾರು?” ಎಂದ.

“ಅವನ ಮಗ ಇರಬೇಕು, ಅಂತಾರೆ.”

“ಅಂವ ಆ ಪಿನ್ನು ಬಿಚ್ಚಿ ತಾನು ತಕ್ಕಳ್ಲಿಲ್ಲಾ?”

“ಇಲ್ಲ. ಅಪ್ಪನ ಸಂಗಡವೇ ಬಿಟ್ಟ.”

“ಮತ್ತೆ ಅಂವ ಎಂತ ಆದ?”

“ಅಪ್ಪನಿಗಿಂತ ದೊಡ್ಡ ರಾಜ ಆದ.”

ಗಣಪು ಗೌಡ ತಲೆಯ ಮುಂಡಾಸು ಸರಿಮಾಡಿಕೊಂಡು ಬಂದು, ಬುದಿಯಮ್ಮನ ಮುಂದೆ ಎರಡೂ ಕೈ ಚಾಚಿದ. ಅವರು ಕೂಡಲೇ ಕೊಡಲಿಲ್ಲ. ಕೊಟ್ಟ ಮೇಲೆ, ಸರಿಯಾಗಿ ಸಿಕ್ಕಿಸು, ಎಲ್ಲರಿಗೂ ಕಾಣಲಿ ಎಂದರು. ಅವನು ಸಿಕ್ಕಿಸಿದ. ಹಮ್ಮು ಗೌಡರು ಬಿಲ್ಲೆ ಹೊತ್ತು ಅಂಗಳ ದಾಟಿದರು. ಗುಂಡಿಯ ಹತ್ತಿರ ಅದನ್ನು ಬಿಚ್ಚಲು ಯಾರೂ ಮುಂದೆ ಬರಲಿಲ್ಲ, ಬಿಚ್ಚು ಎಂದು ಯಾರೂ ಹೇಳಲೂ ಇಲ್ಲ. ಮಣ್ಣು ಬಿತ್ತು.

ಗಣಪು ಗೌಡ ಈಗಲೂ ಅಲ್ಲಿಯ ಗೌಡ. ಹೆಗಲ ಮೇಲೆ ಬರೀ ಕಂಬಳಿ. ಕೂಟದಲ್ಲಿ ಯಾರಾದರೂ ದನಿ ಏರಿಸಿದರೆ, ಹಮ್ಮು ಗೌಡನಿಗೆ ಬಿಲ್ಲೆ ಸಿಕ್ಕಿಸಿದವ ನಾನು ಎನ್ನುತ್ತಾನಂತೆ. ಅಷ್ಟಕ್ಕೆ ದನಿ ಇಳಿಯುತ್ತದಂತೆ.

ಮರುದಿನ ನಾನು ಗಾಜಿನ ಪೆಟ್ಟಿಗೆಯಿಂದ ಕಾಗದ, ಚೀಟಿ ಎರಡನ್ನೂ ತೆಗೆದೆ. ಖಾಲಿ ಜಾಗ ಯಾಕೆ ಎಂದು ಪ್ರಿನ್ಸಿಪಾಲರು ಕೇಳಿದರು, ಸೇರನ್ನು ಸ್ವಲ್ಪ ಈಚೆ ಸರಿಸಿ ತೋರಿಸಿದೆ. ಹತ್ತು ಅಂಕದ ಉತ್ತರವನ್ನೂ ಬದಲಿಸಿದೆ. ಬುದಿಯಮ್ಮನ ಮಾತನ್ನೇ ತುಸು ಗ್ರಾಂಥಿಕ ಮಾಡಿ ಬರೆಸಿದೆ. ಆ ವರ್ಷ ನಾಗವೇಣಿ ಪರೀಕ್ಷೆಯಲ್ಲಿ ಅದನ್ನು ಬರೆದಳು, ಹತ್ತಕ್ಕೆ ನಾಲ್ಕು ಬಂತು. ಹಳೆಯ ಉತ್ತರ ಬಾಯಿಪಾಠ ಮಾಡಿದವರಿಗೆ ಎಂಟು. ಮರುಮೌಲ್ಯಮಾಪನಕ್ಕೆ ಹಾಕು ಎಂದೆ. ಅವಳು, ಬೇಡ ಸರ್, ನಾಲ್ಕು ಬಂತು ಅಂತ ಅಜ್ಜಿಗೆ ಹೇಳಿದೆ, ಅಷ್ಟು ಸಾಕು ಅಂದಳು ಎಂದಳು. ಆದರೆ ಬಿಲ್ಲೆಯ ಮಾತನ್ನು ಅವಳು ನನ್ನ ಹತ್ತಿರ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿವೃತ್ತನಾದ ದಿನ ಆ ಕಡತ ನನ್ನ ಸಂಗಡ ಕೋಡಿಬಾಗಕ್ಕೆ ಬಂತು. ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಟ್ಟೆ, ಅದನ್ನು ಕೊಡಲಾಗಲಿಲ್ಲ.

ಹೋದ ಭಾನುವಾರ ನಾಗವೇಣಿ ಮನೆಗೆ ಬಂದಿದ್ದಳು. ನನ್ನ ಹೆಂಡತಿ ಚಹಾ ಮಾಡಲು ಒಳಗೆ ಹೋದಾಗ ಕಡತ ತಂದು ಅವಳ ಮುಂದಿಟ್ಟೆ. ಹಾಜರಿ ಹಾಳೆ ಹಳದಿಯಾಗಿದೆ. ಪೆನ್ಸಿಲಿನ ಅಚ್ಚು ಮಾತ್ರ ಹಾಗೆಯೇ ಇದೆ. ಅಂಚಿನ ಬಳ್ಳಿ, ನಡುವಿನ ಅಕ್ಷರ, ಹದಿನೇಳು. ಬಿಲ್ಲೆ ಮಣ್ಣಿನಲ್ಲಿದೆ, ಇನ್ನು ಉಳಿದದ್ದು ಇದೊಂದೇ. ಹಾಳೆ ತಿರುಗಿಸಿ, ಆ ವಾರದ ಹಾಜರಿಯಲ್ಲಿ ತನ್ನ ಹೆಸರನ್ನು ಹುಡುಕಿ ನಕ್ಕಳು. ಆಮೇಲೆ ಕೆಳಗೆ ಅಂಟಿಸಿದ್ದ ಚೀಟಿ ಓದಿದಳು. ‘ಕಸ್ಟಮ್ಸ್ ಪ್ಯೂನ್ ಬಿಲ್ಲೆಯ ಅಚ್ಚು.’ ನಾನು ಕಿಟಕಿಯ ಕಡೆ ತಿರುಗಿದೆ. ಅದನ್ನು ಹರಿದುಹಾಕು, ಹೊಸದು ಬರೆಯೋಣ ಎಂದೆ. ಪಿನ್ನಿಗೆ ತಪ್ಪು ಹೆಸರಿಟ್ಟ ವೈದ್ಯನನ್ನು ನೋಡಿ ಪ್ರತಿ ವರ್ಷ ನಕ್ಕವನು, ಈ ಚೀಟಿಯಲ್ಲಿ ನಾನೂ ಅದನ್ನೇ ಮಾಡಿದ್ದೆ ಎಂದೆ.

“ಹರಿಯೂದು ಯಂತಕ್ಕೆ ಸರ್? ಅದೂ ನಡೆದದ್ದೇ ಅಲ್ದಾ?” ಎಂದಳು.

ಪೆನ್ನು ಕೇಳಿದಳು, ಕೊಟ್ಟೆ. ಚೀಟಿಯ ಕೆಳಗಿನ ಖಾಲಿ ಜಾಗದಲ್ಲಿ ತನ್ನ ಗುಂಡು ಅಕ್ಷರದಲ್ಲಿ ಬರೆಯತೊಡಗಿದಳು. ಬರೆಯುತ್ತ ಗಟ್ಟಿಯಾಗಿ ಓದಿದಳು. ‘ತೊಟ್ಟವರು: ಹಮ್ಮು ಗೌಡ. ತೊಳೆದವರು: ಬುದಿಯಮ್ಮ. ಸಿಕ್ಕಿಸಿದವರು: ಗಣಪು ಗೌಡ.’ ಅಲ್ಲಿ ನಿಲ್ಲಿಸಿ, ಓದಿದವರು ಎಂದು ನನ್ನ ಹೆಸರನ್ನೂ ಹಾಕಲೇ ಎಂದು ಕೇಳಿದಳು.

ಬೇಡ ಎಂದೆ. ನಿಜವಾಗಿಯೂ ಬೇಡವಾಗಿತ್ತು.

ಅವಳು ಕೇಳಲಿಲ್ಲ. ಬಗ್ಗಿ ಇನ್ನೊಂದು ಸಾಲು ಬರೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

‘ಓದಿದವರು: ನಮ್ಮ ಪಿನ್ನಿನ ಸರ್.’